ಮಾಟಗಾತಿ ಮನೆಯಲ್ಲಿ ಪಾತ್ರೆ ಯಾರು ತೊಳೆಯುತ್ತಾರೆ

ಬೆಳಿಗ್ಗೆ ನಾನು ಮಂಕಾಗಿ ಕೂತದ್ದು ಕಂಡು ರೇಷ್ಮಾ ಉಪ್ಪು, ಒಣಮೆಣಸಿನಕಾಯಿ ನನ್ನ ಮುಖಕ್ಕೆ ನಿವಾಳಿಸಿ ನೀರೊಲೆಗೆ ಹಾಕಿದಳು. ಘಾಟು ಬಾರದಿದ್ದರೆ ದೃಷ್ಟಿ ತಗುಲಿದೆ ಎಂದು ಲೆಕ್ಕ. ನಾವಿಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದೆವು. ನನ್ನ ಮಂಕಿಗೆ ಕಾರಣ ಬೇರೆ ಇತ್ತು. ನಿನ್ನೆ ಅಣ್ಣನ ಮಗ ಬಂದು ಹೇಳಿಹೋಗಿದ್ದ:

"ಆ ಹುಡ್ಗೀನ ಕಳಿಸ್ಬಿಡು ಅತ್ತೇ. ಯಾರವಳು ನಿಂಗೆ? ಅವಳಿದ್ರೆ ನಾನು ಈ ಹೊಸ್ಲು ತುಳಿಯಲ್ಲ. ನೀನು ಸತ್ರೆ ಹೆಗಲು ಕೊಡೋರು ಯಾರು? ನಾಳೆ ಬರ್ತೀನಿ, ಹೇಳು."

ರೇಷ್ಮಾ ಹೊಸಕೋಟೆಯವಳು. ಮನೆಯವರು ನೋಡಿದ ಗಂಡು ಬೇಡವೆಂದದ್ದಕ್ಕೆ ಮನೆಯೇ ತಪ್ಪಿತು. ಬೂದಿಗೆರೆಯ ಔಷಧಿ ಅಂಗಡಿಯಲ್ಲಿ ಕೆಲಸ, ನನ್ನ ಮನೆಯಲ್ಲಿ ವಾಸ. ಹೊತ್ತು ಮುಳುಗಿದ ಮೇಲೆ ಮೊಬೈಲಿನಲ್ಲಿ ಇಂಗ್ಲಿಷ್ ಕಾದಂಬರಿ ಓದಿ ನನಗೆ ಕನ್ನಡದಲ್ಲಿ ಹೇಳುತ್ತಾಳೆ. ನನ್ನದು ಬಸ್ಸಿನ ಬೋರ್ಡು ಓದಲು, ಹೀಗೆ ನಾಲ್ಕು ಸಾಲು ಗೀಚಲು ಸಾಕಾಗುವಷ್ಟು ವಿದ್ಯೆ.

ಕಥೆಗಳೆಲ್ಲ ಒಂದೇ ಥರ. ಕಾಡಂಚಿನಲ್ಲಿ ಒಬ್ಬಳು ಮಾಟಗಾತಿ. ಯಾರಿಗೂ ಬೇಡವಾದವರು ಒಬ್ಬೊಬ್ಬರಾಗಿ ಬಂದು ಅವಳ ಮನೆ ಸೇರುತ್ತಾರೆ. ಒಂದು ಬೆಕ್ಕು ಇರಲೇಬೇಕು. ಹೊತ್ತುಹೊತ್ತಿಗೆ ಟೀ, ಕೇಕು.

"ಅಲ್ಲಿ ಪಾತ್ರೆ ಯಾರೇ ತೊಳೀತಾರೆ?" ಎಂದು ಒಮ್ಮೆ ಕೇಳಿದೆ.

"ಮಂತ್ರ ಹಾಕಿದ್ರೆ ಅವೇ ತೊಳ್ಕೊತಾವೆ ಅಜ್ಜೀ!"

"ಹಂಗಾದ್ರೆ ಸುಳ್ಳು ಕಥೆ, ಬಿಡು."

ಮರುದಿನ "ಆಮೇಲೇನಾಯ್ತೇ?" ಎಂದು ಕೇಳಿದವಳೂ ನಾನೇ. ನೀವೂ ಕೇಳುತ್ತಿದ್ದಿರಿ, ಅಂಥ ಮನೆಯಲ್ಲಿ ಬಾಳಿದ್ದರೆ.

ನಂದಗುಡಿ ಕಡೆ, ಊರಾಚೆ, ಅಕ್ಕಯ್ಯಮ್ಮ ಅಂತ ಒಬ್ಬಳಿದ್ದಳು. ಸರ್ಪಸುತ್ತಿಗೆ ಕೆಮ್ಮಣ್ಣು ಹಚ್ಚಿ ಮಂತ್ರ ಹಾಕುತ್ತಿದ್ದಳು. ಮೈ ಉರಿಯುವಾಗ ಜನರ ಬಾಯಲ್ಲಿ ಅಕ್ಕಯ್ಯಮ್ಮ, ಉರಿ ಆರಿದ ಮೇಲೆ ಮಾಟಗಾತಿ. ಅವಳು ಕೊಟ್ಟ ನೀರು ಯಾರೂ ಕುಡಿಯುತ್ತಿರಲಿಲ್ಲ. ಮಕ್ಕಳಾಗಲಿಲ್ಲವೆಂದು ಗಂಡ ನನ್ನನ್ನು ಓಡಿಸಿದ. ತೌರಿನಲ್ಲಿ ಅಣ್ಣ ಬಾಗಿಲು ಹಾಕಿಕೊಂಡ. ಹೋಗಿ ನಿಂತಾಗ ಅಕ್ಕಯ್ಯಮ್ಮ ಕೇಳಿದ್ದು ಒಂದೇ ಮಾತು: "ರಾಗಿ ಬೀಸಕ್ಕೆ ಬರ್ತದೇನೇ?"

ಅಣ್ಣತಮ್ಮಂದಿರು ಕೈಬಿಟ್ಟ ಕಿವುಡ ಪಾಪಣ್ಣನೂ ಅಲ್ಲಿದ್ದ. ಪುಸ್ತಕದವರಂತೆ ನಾವೇನೂ ನಗುನಗುತ್ತಾ ಇರಲಿಲ್ಲ. ಸೌದೆಗೆ ಜಗಳ, ನೀರಿಗೆ ಜಗಳ. ಕಿವುಡನ ಹತ್ತಿರ ಕಿರುಚಿ ನನ್ನ ಗಂಟಲು ಹೋಯಿತೇ ಹೊರತು ಅವನಿಗೇನೂ ಆಗಲಿಲ್ಲ. ಜಗಳವಾಡದೆ ಇರಲು ಅದೇನು ಛತ್ರವೇ? ಆದರೆ 'ಹೊರಗೆ ಹೋಗು' ಎಂಬ ಮಾತು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಮೂವರೂ, ಕಿವುಡನೂ ಸೇರಿ, ಅದನ್ನು ಕೇಳಿಸಿಕೊಂಡೇ ಬಂದವರು. ಹುಡುಗಿಯರು ಇಂಥ ಪುಸ್ತಕ ಹುಡುಕಿ ಓದುವುದು ಆ ಮಾತಿಲ್ಲದ ಮನೆಯೊಳಗೆ ಸ್ವಲ್ಪ ಹೊತ್ತು ಕೂರಲು ಇರಬೇಕು. ಮಾಟ ಒಂದು ನೆಪ.

ಅಕ್ಕಯ್ಯಮ್ಮ ಸತ್ತಾಗ ಮಾಟಗಾತಿಯ ಹೆಣವೆಂದು ಊರ ಗಂಡಸರು ಹತ್ತಿರ ಸುಳಿಯಲಿಲ್ಲ. ಪಾಪಣ್ಣ ಎತ್ತಿನ ಗಾಡಿ ತಂದ. ಇಬ್ಬರೇ ಎತ್ತಿ ಮಲಗಿಸಿ ಗಾಡಿ ಹೊಡೆದುಕೊಂಡು ಹೋದೆವು. ಗುಂಡಿ ತೋಡುವಾಗಲೂ ಜಗಳವಾಡಿದೆವು.

ಇವತ್ತು ಸಂಜೆ ಅಣ್ಣನ ಮಗ ಬಂದ. ಹೊಸ್ತಿಲಾಚೆಯೇ ನಿಂತ.

"ಏನ್ ತೀರ್ಮಾನ ಮಾಡ್ದೆ?"

"ಅವಳು ಇರ್ತಾಳೆ."

"ಮತ್ತೆ ಹೆಗಲು?"

"ಗಾಡಿ ಸಿಗ್ತದೆ ಕಣೋ. ಒಳಗೆ ಬಾ, ಉಂಡ್ಕೊಂಡು ಹೋಗು."

ಬರಲಿಲ್ಲ. ಅವನ ಬೈಕಿನ ಸದ್ದು ಕೆರೆ ಏರಿ ದಾಟುವವರೆಗೂ ಕೇಳಿಸಿತು. ಉಳಿದಿದ್ದ ನೆಂಟ ಅವನೊಬ್ಬನೇ. ಏನೂ ಅನ್ನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ.

ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದ ರೇಷ್ಮಾ ಮೂಗು ಒರೆಸಿಕೊಂಡು ಮೊಬೈಲು ತೆಗೆದಳು.

"ಅಜ್ಜೀ, ಮುಂದಕ್ಕೆ ಓದ್ಲಾ?"

"ಮೊದ್ಲು ಪಾತ್ರೆ ತೊಳಿಯೇ," ಅಂದೆ. "ನಮ್ಮವು ತಾವಾಗೇ ತೊಳ್ಕೊಳಲ್ಲ."