ನೀಲಮ್ಮ ಎಂದು ಬರೆದ ತಂಬಿಗೆ

ಮೊನ್ನೆ ದೇವರ ಸಾಮಾನು ತೊಳೆಯಲು ಕುಳಿತಾಗ ಪೇಟೆಯ ಪುಡಿ ಮುಗಿದಿತ್ತು. ನೆನೆಸಿದ ಹುಣಸೆಹಣ್ಣಿಗೆ ಒಂದಿಷ್ಟು ಉಪ್ಪು ಸೇರಿಸಿ ಹಿತ್ತಾಳೆಯ ದೀಪ ತಿಕ್ಕಿದೆ. ಆಮೇಲೆ ಸೋಪು ಹಚ್ಚಿ ಮೂರು ಸಲ ಕೈ ತೊಳೆದರೂ ವಾಸನೆ ಹೋಗಲಿಲ್ಲ. ಹುಳಿ ಮತ್ತು ಲೋಹ ಕೂಡಿದ ಆ ಒಗರು ವಾಸನೆ... ಊಟಕ್ಕೆ ಕುಳಿತು ತುತ್ತು ಎತ್ತಿದಾಗ ಮೂಗಿಗೆ ಬಡಿಯಿತು, ಕಾಕಿ ನೆನಪಾದಳು. ಆಕೆಯ ಕೈಗೆ ವರ್ಷದ ಮುನ್ನೂರರವತ್ತೈದು ದಿನವೂ ಇದೇ ವಾಸನೆ ಇರುತ್ತಿತ್ತು.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನನಗೆ ನರೋಣಾದ ಶಾಲೆಯಲ್ಲಿ ಶಿಕ್ಷಕಿಯ ಕೆಲಸ ಸಿಕ್ಕಿತು. ಮನೆ ಮಾಡಿದ್ದು ಆಳಂದದಲ್ಲಿ. ಗೋಡೆಗೆ ಗೋಡೆ ಹತ್ತಿದ ಬಾಜೂ ಮನೆಯಲ್ಲಿ ಐವತ್ತು ದಾಟಿದ ಒಬ್ಬ ಹೆಂಗಸು ಒಬ್ಬಳೇ ಇದ್ದಳು. ಗಂಡ ತೀರಿಹೋಗಿದ್ದ, ಮಕ್ಕಳಾಗಿರಲಿಲ್ಲ. ಇಡೀ ಓಣಿಗೆ ಆಕೆ ಕಾಕಿ. ಹೊಸದರಲ್ಲಿ ನಾನು ರೀ ಹಚ್ಚಿ ಮಾತಾಡಿಸಿದರೆ, “ರೀ ಅಂತ ಪಂಚಾಯ್ತಿ ಮೆಂಬರಗ ಅನ್ನು. ನನಗ ಕಾಕಿ ಅಂದ್ರ ಸಾಕು ಬೇ,” ಎಂದು ನಕ್ಕಿದ್ದಳು. ಅಂದಿನಿಂದ ಕಾಕಿಯೇ ಆದಳು.

ಕಾಕಿಯ ದಂಧೆ ಜೂನಾ ಸಾಮಾನಿನದು, ಹಳೇ ಪಾತ್ರೆ ಪಗಡ ಕೊಂಡು ಮಾರುವುದು. ಆಗ ನಮ್ಮ ಕಡೆ ಸ್ಟೀಲಿನ ಹುಚ್ಚು ಹಿಡಿದ ಕಾಲ. ಹಳೇ ದೊಡ್ಡ ಮನೆಗಳ, ವಾಡೆಗಳ ಜನ ಗುಲ್ಬರ್ಗಾ, ಹೈದರಾಬಾದು ಎಂದು ಮನೆ ಬದಲಿಸುತ್ತಿದ್ದರು. ಹೋಗುವ ಮುಂಚೆ ಅಟ್ಟದ ಮೇಲಿನದು, ಕೋಣೆಯೊಳಗಿನದು ಎಲ್ಲ ಅಂಗಳಕ್ಕೆ ತಂದು ಹರಾಜು ಹಾಕುತ್ತಿದ್ದರು. ನಮ್ಮ ಜನ ಅದನ್ನು ಲಿಲಾವ ಎನ್ನುತ್ತಿದ್ದರು. ಅಫಜಲಪುರದ ಕಡೆಯಾಗಲಿ ಜೇವರ್ಗಿಯ ಕಡೆಯಾಗಲಿ, ಎಲ್ಲಿ ಲಿಲಾವ ಇದ್ದರೂ ಆ ಸುದ್ದಿ ಕಾಕಿಗೆ ಹೇಗೋ ಮುಟ್ಟುತ್ತಿತ್ತು. ಗೋಣಿಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಮೊದಲ ಬಸ್ಸಿಗೆ ಹೊರಡುತ್ತಿದ್ದಳು. ತಂದದ್ದರಲ್ಲಿ ಕೆಲವನ್ನು ತಿಕ್ಕಿ ಬೆಳಗಿ ಮಾರುತ್ತಿದ್ದಳು, ಮನಸ್ಸಿಗೆ ಬಂದದ್ದನ್ನು ಇಟ್ಟುಕೊಳ್ಳುತ್ತಿದ್ದಳು.

ಒಂದು ರವಿವಾರ ನಾನೂ ಆಕೆಯ ಜೋಡಿ ಅಫಜಲಪುರದ ಕಡೆಯ ಒಂದು ವಾಡೆಗೆ ಹೋದೆ. ಬಂದವರೆಲ್ಲ ಪಡಸಾಲೆಯಲ್ಲಿ ಗೋಡೆ ಗಡಿಯಾರ, ಪಾನದಾನ, ತೂಗುಮಂಚದ ಸರಪಳಿ ಎಂದು ಮುತ್ತಿದ್ದರು. ಕಾಕಿ ಅತ್ತ ತಿರುಗಿಯೂ ನೋಡದೆ ಸೀದಾ ದನದ ಕೊಟ್ಟಿಗೆಗೆ ಹೋದಳು. “ಪಡಸಾಲ್ಯಾಗ ಇರೋದು ಅವರಿಗಿ ಗೊತ್ತಿದ್ದ ಸಾಮಾನ. ನಾವು ನೋಡೋದು ಅವರು ಮರ್ತದ್ದು,” ಎಂದಳು. ಮೂಲೆಯಲ್ಲಿ ಹಿಂಡಿಯ ಗಡಿಗೆಯ ಮೇಲೆ ಕರ್ರಗಿನ ತಗಡಿನಂಥದೇನೋ ಮುಚ್ಚಿತ್ತು. ಅದನ್ನು ಮೂರು ಬೆರಳ ತುದಿಯ ಮೇಲೆ ಎತ್ತಿ ಹಿಡಿದು, ಬೆರಳ ಗೆಣ್ಣಿನಿಂದ ಒಮ್ಮೆ ಬಡಿದಳು.

ಆ ನಾದವನ್ನು ನಾನು ಇವತ್ತಿಗೂ ಮರೆತಿಲ್ಲ. ಸಗಣಿ ಮೆತ್ತಿದ ಆ ಕರಿ ತುಂಡಿನಿಂದ ಗುಡಿಯ ಗಂಟೆಯ ದನಿ ಹೊರಟಿತು. ಕಾಕಿ ಕಣ್ಣು ಮುಚ್ಚಿ ಅದು ಪೂರ್ತಿ ನಿಲ್ಲುವವರೆಗೆ ಕೇಳಿದಳು. ಆಮೇಲೆ ಸೆರಗಿನಿಂದ ತಿಕ್ಕಿದರೆ ಹಳದಿ ಬಣ್ಣ ಕಂಡಿತು. ಕಂಚಿನ ಗಂಗಾಳ! ಆಕೆ ಅದರ ಮೇಲೆ ಹೆಬ್ಬೆರಳು ಆಡಿಸುತ್ತ, “ಇದ್ರಾಗ ಉಂಡಾಂವಗ ಹಲ್ಲಿರಲಿಲ್ಲ ನೋಡು,” ಎಂದಳು. “ನಡುವ ಸವದದ, ಅಂಚಿನ್ಯಾಗ ಏನೂ ಆಗಿಲ್ಲ. ರೊಟ್ಟಿ ಮುರದು ಹಾಲಾಗ ಹಾಕಿ ಅಲ್ಲೇ ನಾದಿ ನಾದಿ ತಿಂದಾನ.”

ನಾನು ಸುಮ್ಮನೆ ನಕ್ಕೆ. ಅಷ್ಟರಲ್ಲಿ ಮನೆಯೊಡತಿ ಬಂದು, “ಆ ಮುಚ್ಚಳ ಸುಮ್ನ ಒಯ್ರಿ ಅತ್ಲಾಗ,” ಎಂದಳು. ಬೇರೆ ಯಾರೇ ಆಗಿದ್ದರೂ ಆ ಕ್ಷಣಕ್ಕೆ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು, ನಾನಂತೂ ಖಂಡಿತ. ಕಾಕಿ ಮಾತ್ರ, “ಇದು ಮುಚ್ಚಳ ಅಲ್ರಿ ಬಾಯಿ. ನಿಮ್ಮ ಮನ್ಯಾಗ ಹಲ್ಲಿಲ್ಲದ ಹಿರೇರು ಯಾರಿದ್ರು?” ಎಂದು ಕೇಳಿದಳು. ಆ ಹೆಂಗಸು ಹೌಹಾರಿದಳು. ಆಕೆಯ ಮಾವ ಕಡೆಯ ಹತ್ತು ವರ್ಷ ಹಾಲು ರೊಟ್ಟಿಯ ಮೇಲೆಯೇ ಇದ್ದನಂತೆ. ಗಂಗಾಳವನ್ನು ಎದೆಗೆ ಒತ್ತಿಕೊಂಡು ಒಳಗೆ ಹೋದವಳು ಮತ್ತೆ ಹೊರಗೆ ತರಲೇ ಇಲ್ಲ. ಕಾಕಿ ಖಾಲಿ ಗೋಣಿಚೀಲ ಕೊಡವಿ, “ನಡೀ, ಬಸ್ ಬರ್ತದ,” ಎಂದಳು.

ಆ ಬಸ್ಸಿನಲ್ಲಿಯೇ ನಾನು ಅವ್ವನ ವಿಷಯ ಹೇಳಿದ್ದು. ನಮ್ಮೂರು ಜೇವರ್ಗಿ ತಾಲ್ಲೂಕಿನ ಕೊಳಕೂರ. ನನಗೆ ವರ್ಷ ತುಂಬುವುದರೊಳಗೆ ಅವ್ವ ತೀರಿಕೊಂಡಿದ್ದಳು. ಒಂದು ಫೋಟೋ ಇಲ್ಲ. ಶಾಲೆಯ ಮುಖ ಕಂಡವಳಲ್ಲವಾದ್ದರಿಂದ ಯಾವ ಕಾಗದದಲ್ಲಿಯೂ ಆಕೆಯ ಹೆಸರಿಲ್ಲ. ಮದುವೆಯಲ್ಲಿ ತವರಿನವರು ಕೊಟ್ಟ ಹಿತ್ತಾಳೆಯ ತಂಬಿಗೆಯ ಮೇಲೆ ಮಾತ್ರ ‘ನೀಲಮ್ಮ’ ಎಂದು ಕೊರೆಸಿದ್ದರಂತೆ. ಭೂಮಿಯ ಮೇಲೆ ಆಕೆಯ ಹೆಸರು ಬರೆದದ್ದು ಅದೊಂದೇ ಕಡೆ. ನಾನು ಸಣ್ಣವಳಿದ್ದಾಗಲೇ ನನ್ನನ್ನು ಸಾಕಿದ ದೊಡ್ಡಮ್ಮ ಮನೆಯ ಹಿತ್ತಾಳೆ, ತಾಮ್ರವೆಲ್ಲ ಹಳೇ ಸಾಮಾನಿನವನಿಗೆ ಕೊಟ್ಟುಬಿಟ್ಟಿದ್ದಳು. ಆ ತಂಬಿಗೆಯನ್ನು ನಾನು ಕಣ್ಣಾರೆ ಕಂಡ ನೆನಪೂ ಇಲ್ಲ.

ಮನೆಗೆ ಬಂದ ಮೇಲೆ ಕಾಕಿ ನನ್ನ ಕೈಗೆ ಸುಣ್ಣದಕಡ್ಡಿ ಕೊಟ್ಟು, “ನಿಮ್ಮವ್ವನ ಹೆಸರು ಇಲ್ಲಿ ಬರಿ,” ಎಂದು ಕಡಪಾ ಕಲ್ಲಿನ ನೆಲ ತೋರಿಸಿದಳು. ಬರೆದೆ. ಆಕೆ ಅದರ ಮೇಲೆ ಬೆರಳಿಟ್ಟು ಮೆಲ್ಲಗೆ ತಿದ್ದಿದಳು. ಕಾಕಿಗೆ ಓದಲು ಬರುವುದಿಲ್ಲ ಎಂದು ನನಗೆ ಗೊತ್ತಾದದ್ದು ಆಗ. ಕಡೆಯ ಅಕ್ಷರಕ್ಕೆ ಬಂದಾಗ ಬೆರಳು ನಿಂತಿತು. “ಇದರ ಕಾಲಾಗ ಒಂದು ಸಣ್ಣದು ಕುಂತದಲ್ಲ ಬೇ, ತಾಯಿ ಕೂಸು ಇದ್ದಂಗ!” ಎಂದಳು. ನನ್ನ ಕಣ್ಣು ತುಂಬಿ ಬಂದವು. ದಿನಾ ಮಕ್ಕಳಿಗೆ ಒತ್ತಕ್ಷರ ಕಲಿಸುತ್ತಿದ್ದ ನನಗೆ ಅದು ಯಾವತ್ತೂ ಕಂಡಿರಲಿಲ್ಲ.

ಅಂದಿನಿಂದ ಕಾಕಿ ಹೋದ ಪ್ರತಿಯೊಂದು ಲಿಲಾವದಲ್ಲಿಯೂ ಮೊದಲು ತಂಬಿಗೆಗಳ ಕಂಠ ನೋಡಿದಳು. ಸಂಜೆ ನನ್ನ ಬಾಗಿಲಲ್ಲಿ ನಿಂತು ಇಲ್ಲವೆಂದು ತಲೆ ಅಲ್ಲಾಡಿಸಿ ಹೋಗುತ್ತಿದ್ದಳು. ಒಂದು ವರ್ಷ, ಎರಡು ವರ್ಷ, ಎಂಟು ವರ್ಷ... ನಾನೇ ಆಸೆ ಬಿಟ್ಟಿದ್ದೆ, ಆಕೆ ಬಿಡಲಿಲ್ಲ.

ಒಂದು ಸಲ ನನ್ನ ಸೋದರಮಾವ ನಮ್ಮ ಮನೆಗೆ ಬಂದ. ಕಾಕಿ ಆತನ ಎದುರು ಕುಳಿತು ತಂಬಿಗೆಯ ಆಕಾರ, ಬಾಯಿ, ತೂಕ ಎಲ್ಲ ವಿಚಾರಿಸಿದಳು. ಮಾವ ನಗುತ್ತ, “ಸೊಲ್ಲಾಪುರದಾಗ ತಂದದ್ರಿ ಅದು. ಇಕಿ ಅಂಬಿಗಾಲ ಇಡೋ ಮುಂದ ಅದನ್ನ ಕಲ್ಲಿಗಿ ಕುಟ್ಟಿ ಕುಟ್ಟಿ ಹೊಟ್ಟಿಗಿ ತಗ್ಗು ಕೆಡವಿದ್ಳು,” ಎಂದ. ಆಮೇಲೆ ಸಹಜವಾಗಿ, “ಹೆಸರೂ ಅಲ್ಲೇ ಹಾಕ್ಸಿದ್ದು, ಮರಾಠಿ ಅಕ್ಷರ. ಅಲ್ಲಿಯಾಂವಗ ಕನ್ನಡ ಎಲ್ಲಿ ಬರ್ತದ್ರಿ?” ಎಂದ.

ನಾನು, ಕಾಕಿ ಇಬ್ಬರೂ ಮುಖ ಮುಖ ನೋಡಿಕೊಂಡೆವು. ಹಿಂದಿ ಪಾಠವನ್ನೂ ಮಾಡುತ್ತಿದ್ದ ನನಗೆ ಅದು ಹೊಳೆಯಬೇಕಿತ್ತು. ಗಡಿಯ ಊರಲ್ಲಿ ಇದ್ದುಕೊಂಡು ಎಂಟು ವರ್ಷ ಆ ಮುದುಕಿಯನ್ನು ಇಲ್ಲದ ಅಕ್ಷರದ ಬೆನ್ನು ಹತ್ತಿಸಿದ್ದೆ! ನಾನು ಮರಾಠಿ ಅಕ್ಷರದಲ್ಲಿ ಹೆಸರು ಬರೆದು ತೋರಿಸಿದೆ. “ತಲಿ ಮ್ಯಾಲ ಗೆರಿ ಇದ್ದದ್ದಾ...” ಎಂದು ಕಾಕಿ ಹಣೆಗೆ ಕೈ ಹಚ್ಚಿದಳು.

ಆಮೇಲೆ ನಡೆದದ್ದನ್ನು ನಾನು ಯಾರಿಗೆ ಹೇಳಿದರೂ ನಂಬುವುದಿಲ್ಲ. ಕಾಕಿ ಗೋಡೆಗೆ ಒರಗಿ ಕಣ್ಣು ಮುಚ್ಚಿ, ಆ ಎಂಟು ವರ್ಷದಲ್ಲಿ ಕೈಗೆ ಬಂದು ಹೋದ ಗೆರೆ ಅಕ್ಷರದ ತಂಬಿಗೆಗಳನ್ನೆಲ್ಲ ಒಂದೊಂದಾಗಿ ನೆನೆಸಿ ಹೇಳಿದಳು. ಯಾವ ವಾಡೆಯಲ್ಲಿ ಕಂಡದ್ದು, ಕಂಠಕ್ಕೆ ಎಷ್ಟು ಸುತ್ತು ಇತ್ತು, ಆಮೇಲೆ ಯಾರ ಮನೆ ಸೇರಿತು, ಯಾವುದರ ಬುಡಕ್ಕೆ ಬೆಸುಗೆ ಇತ್ತು... ಒಂದು ಚೀಟಿ ಇಲ್ಲ, ಒಂದು ಗುರುತು ಬರೆದದ್ದಿಲ್ಲ. ನಾನು ಮತ್ತು ಮಾವ ಬಾಯಿ ತೆರೆದು ಕುಳಿತೆವು. ಮರುದಿನದಿಂದ ಆಕೆ ಆ ಮನೆಗಳನ್ನು ಹುಡುಕಿಕೊಂಡು ಹೊರಟಳು.

ನಾಲ್ಕನೆಯ ವಾರ ಜಿಡಗಾದ ಒಂದು ಮನೆಯಿಂದ ಸೆರಗಿನಲ್ಲಿ ಸುತ್ತಿ ಒಂದು ತಂಬಿಗೆ ತಂದಳು. “ಓದು,” ಎಂದಳು. ಕಂಠದ ಕೆಳಗೆ ಚುಕ್ಕೆ ಚುಕ್ಕೆಯಾಗಿ ಮರಾಠಿ ಅಕ್ಷರ: ನೀಲಮ್ಮಾ. ನಾನು ಗಟ್ಟಿಯಾಗಿ ಓದಿದೆ, ತಂಬಿಗೆಯನ್ನು ಕೆನ್ನೆಗೆ ಒತ್ತಿಕೊಂಡು ಸಣ್ಣ ಮಗುವಿನ ಹಾಗೆ ಅತ್ತೆ. ಕಾಕಿ ಅಳು ನಿಲ್ಲುವವರೆಗೆ ಕಾದು ತಂಬಿಗೆಯನ್ನು ವಾಪಸು ಇಸಿದುಕೊಂಡಳು. ಕೈಯನ್ನು ಅದರ ಬಾಯೊಳಗೆ ಇಳಿಸಿ ಒಳಗೆಲ್ಲ ಬೆರಳಾಡಿಸಿದಳು. ಮುಖ ಸಣ್ಣದಾಯಿತು.

“ಹೆಸರು ಅದೇ ಅದ. ಖರೆ ಇದು ನಿಮ್ಮವ್ವಂದಲ್ಲ.”

“ತಗ್ಗು ಇಲ್ಲಂತ ಅಂತೀಯೇನು? ಯಾರರ ಬಡದು ಸರಿ ಮಾಡ್ಸಿರಬಹುದಲ್ಲ ಕಾಕಿ!”

“ತಗ್ಗು ತಗದ್ರ ಒಳಗ ಸುತ್ತಿಗಿ ಗುರ್ತ ಉಳೀತದ. ಇದು ಹುಟ್ಟಿದಂಗ ಅದ. ಇದನ್ನ ಯಾವ ಕೂಸೂ ಆಡಿಸಿಲ್ಲ.”

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನನಗೆ ಬೇಕಾದದ್ದು ಆ ಹೆಸರು, ಅದು ನನ್ನ ಕೈಗೆ ಬಂದಿತ್ತು. ಒಂದು ಸುಳ್ಳು ಹೇಳಿದ್ದರೆ ಆಕೆಯ ಗಂಟೇನು ಹೋಗುತ್ತಿತ್ತು? “ಓದಾಕ ಬರ್ದಾಕಿ ನೀ, ನಿನಗೇನ್ ತಿಳೀತದ!” ಎಂದುಬಿಟ್ಟೆ. ಕಾಕಿ ತಂಬಿಗೆಯನ್ನು ಮತ್ತೆ ಸೆರಗಿನಲ್ಲಿ ಸುತ್ತಿದಳು. “ಯಾರದೋ ಅವ್ವನ್ನ ತಂದು ನಿನಗ ಕೊಡ್ಲೇನು?” ಎಂದಳು, ಅಷ್ಟೇ. ಮರುದಿನ ಅದನ್ನು ಜಿಡಗಾಕ್ಕೆ ಹಿಂತಿರುಗಿಸಿ ಬಂದಳು.

ಒಂದು ತಿಂಗಳು ನಾನು ಆಕೆಯ ಜೋಡಿ ಮಾತು ಬಿಟ್ಟೆ. ಆ ತಿಂಗಳಲ್ಲಿಯೇ ನನಗೆ ತಿಳಿದದ್ದು, ನನ್ನ ಅವ್ವನನ್ನು ನನಗಿಂತ ಹೆಚ್ಚು ಗಂಭೀರವಾಗಿ ತೆಗೆದುಕೊಂಡವಳು ಈಕೆ ಒಬ್ಬಳೇ ಎಂದು. ಕಡೆಗೆ ನಾನೇ ಹೋಗಿ ಕಾಲ ಮೇಲೆ ಕೈ ಇಟ್ಟೆ. “ಏಳ್ ಏಳ್, ಚಾ ಮಾಡು. ಹುಡುಕಾಕತ್ತೇನಿ ತಗೋ,” ಎಂದಳು.

ಹುಡುಕುತ್ತಲೇ ಇದ್ದಳು. ನನಗೆ ಜೇವರ್ಗಿಗೆ ವರ್ಗವಾದ ಮೇಲೂ ಆ ಕಡೆ ಲಿಲಾವಕ್ಕೆ ಬಂದಾಗಲೆಲ್ಲ ಶಾಲೆಯ ಗೇಟಿನಲ್ಲಿ ನಿಂತು ತಲೆ ಅಲ್ಲಾಡಿಸಿ ಹೋಗುತ್ತಿದ್ದಳು. ತೊಂಬತ್ತರ ಆಚೆ ಒಂದು ಬೇಸಿಗೆಯಲ್ಲಿ ಕಾಕಿ ಹೋದ ಸುದ್ದಿ ಬಂತು. ನಾನು ಆಳಂದಕ್ಕೆ ಹೋಗುವಷ್ಟರಲ್ಲಿ ದಿನಕರ್ಮವೂ ಮುಗಿದು, ಆಕೆಯ ಗಂಡನ ಅಣ್ಣನ ಮಗ ಸಾಮಾನನ್ನೆಲ್ಲ ಅಂಗಳದಲ್ಲಿ ಇಟ್ಟು ಮಾರುತ್ತಿದ್ದ. ಊರೂರಿನ ಲಿಲಾವಗಳಿಗೆಲ್ಲ ಹೋದವಳ ಮನೆಯದೇ ಲಿಲಾವ... ನಾನು ಆಕೆ ಮಾಡುತ್ತಿದ್ದ ಹಾಗೆಯೇ ಒಂದೊಂದರ ಕಂಠ ತಿರುಗಿಸಿ ನೋಡಿದೆ. ಎಲ್ಲದರ ಮೇಲೂ ಯಾರು ಯಾರದೋ ಹೆಸರಿತ್ತು. ಕಾಕಿ ನೀರು ಕುಡಿಯುತ್ತಿದ್ದ ತಂಬಿಗೆಯ ಮೇಲೆ ಮಾತ್ರ ಏನೂ ಇರಲಿಲ್ಲ. ಅದನ್ನೇ ಕೊಂಡೆ.

ಪೇಟೆಯಲ್ಲಿ ಭಾಂಡಿ-ಪಾತ್ರೆ ಅಂಗಡಿಯ ಕಟ್ಟೆಯ ಮೇಲೆ ಹೆಸರು ಕೊರೆಯುವವನು ಕುಳಿತಿರುತ್ತಿದ್ದ. ತಂಬಿಗೆ ಅವನ ಮುಂದೆ ಇಟ್ಟೆ. ಅವನು ಉಳಿ ಕೈಗೆ ತೆಗೆದುಕೊಂಡು, “ಏನಂತ ಹಾಕ್ಲಿರಿ ಬಾಯಾರ?” ಎಂದ.

ನಾನು ಬಾಯಿ ತೆರೆದೆ. ಹೆಸರು ಬರಲಿಲ್ಲ. ಓಡುತ್ತ ವಾಪಸು ಹೋಗಿ ಸಾಮಾನು ಮಾರುತ್ತಿದ್ದ ಆ ಅಣ್ಣನ ಮಗನನ್ನು ಕೇಳಿದರೆ, “ನಮಗೂ ಅಕಿ ಕಾಕಿನೇ ಅಲ್ರಿ. ರೇಷನ್ ಕಾರ್ಡಿನ್ಯಾಗ ಕಾಕಾಂದೇ ಹೆಸರದ,” ಎಂದ. ಓಣಿಯ ನಾಲ್ಕು ಮನೆ ಕೇಳಿದೆ. ಎಲ್ಲರಿಗೂ ಕಾಕಿ.

ಈಗ ಆ ಓಣಿಯಲ್ಲಿ ಅಂದಿನವರು ಯಾರೂ ಉಳಿದಿಲ್ಲ. ಅವ್ವನ ತಂಬಿಗೆ ಸಿಗಲಿಲ್ಲ ಎಂಬ ದುಃಖ ಯಾವಾಗಲೋ ಸವೆದುಹೋಗಿದೆ, ಇದು ಸವೆಯುತ್ತಿಲ್ಲ. ನನ್ನ ಅವ್ವನ ಹೆಸರಿಗಾಗಿ ಮೂರು ತಾಲ್ಲೂಕು ತಿರುಗಿದವಳ ಪಕ್ಕದಲ್ಲಿ ಅಷ್ಟು ವರ್ಷ ಇದ್ದೆ. ಕಾಕಿ, ನಿನ್ನ ಹೆಸರೇನು ಎಂದು ಒಂದು ದಿನವೂ ಕೇಳಲಿಲ್ಲ.