ಸಾಹೇಬರ ಮಾತಿಗೆ ನಾನು ಹೇಳಿದ ಅರ್ಥ

ಬೀರಪ್ಪನಿಗೆ ಕಾಲೇಜು ತಪ್ಪಿಸಿದವನು ಅವನ ಅಪ್ಪನಲ್ಲ, ನಾನು. ಬಲದಿಂದಲ್ಲ, ಅಧಿಕಾರದಿಂದಲ್ಲ — ಬರೀ ನಾಲಿಗೆಯಿಂದ. ಇದನ್ನು ಬರೆಯಲು ನನಗೆ ಮುಪ್ಪು ಬರಬೇಕಾಯಿತು. ಬರೆದ ಮೇಲೂ ಮನಸ್ಸು ಹಗುರಾಗಿಲ್ಲ. ಬಾಯಲ್ಲಿ ಕೊಳೆತದ್ದೇನನ್ನೋ ಇಟ್ಟುಕೊಂಡ ಹಾಗೆಯೇ ಇದೆ.

ಅವು ನಿಜಾಮರ ಆಳ್ವಿಕೆಯ ಕಡೆಯ ವರ್ಷಗಳು. ನಾನು ಮಸ್ಕಿಯ ಜಮೀನು ಲೆಕ್ಕ ಬರೆಯುವ ಪಟವಾರಿಯ ಮಗ. ಬೀರಪ್ಪ ಅದೇ ಊರಿನ ಕಂಬಳಿ ನೇಯುವ ಹುಲಿಗೆಪ್ಪನ ಮಗ, ತಾಯಿಯಿಲ್ಲದವನು. ಲಿಂಗಸುಗೂರಿನಲ್ಲಿ ಜೊತೆಯಾಗಿದ್ದು, ಉರ್ದುವಿನಲ್ಲೇ ಓದಿ, ಇಬ್ಬರೂ ಮೆಟ್ರಿಕ್ ಪಾಸಾದೆವು. ಅವನು ಶಾಲೆಗೇ ಮೊದಲಿಗ. ನಾನು ಅವನ ಹಿಂದೆ — ಅದೂ ಅವನು ರಾತ್ರಿ ಕೂತು ಹೇಳಿಕೊಟ್ಟ ಗಣಿತದಿಂದ.

ಆ ಬೇಸಿಗೆಯಲ್ಲಿ ಅವನಿಗೆ ಒಂದೇ ಧ್ಯಾನ: ಕೈಯಲ್ಲಿ ಕಾಸಿಲ್ಲದವನು ಓದಬಹುದಾದ ಕಾಲೇಜು ಯಾವುದು? ಕಂಡಕಂಡವರನ್ನು ಕೇಳುತ್ತಿದ್ದ. ಗುಲಬರ್ಗಾದಲ್ಲಿ ಫೀ ಕಡಿಮೆ, ಆದರೆ ಊಟ ವಸತಿ ನಾವೇ ನೋಡಿಕೊಳ್ಳಬೇಕು. ಧಾರವಾಡದಲ್ಲಿ ಊಟಕ್ಕೆ ಮಠವಿದೆ, ಫೀಗೆ ದಾರಿಯಿಲ್ಲ. ಉಳಿದದ್ದು ಹೈದರಾಬಾದು. ಅಲ್ಲಿ ಜಾಣ ಹುಡುಗರಿಗೆ ಸರಕಾರ ವಜೀಫಾ ಕೊಡುತ್ತಿತ್ತು. ಫೀ, ಹಾಸ್ಟೆಲು, ಪುಸ್ತಕ ಎಲ್ಲ ಅದರಲ್ಲೇ. ನಮ್ಮ ಶಾಲೆಯಿಂದ ಒಬ್ಬನಿಗೆ ಮಾತ್ರ.

"ಲೇ ವೆಂಕ್ಯಾ, ಇದೊಂದು ಸಿಕ್ರ ನಮ್ಮಪ್ಪಗ ನಾ ಭಾರ ಆಗಂಗಿಲ್ಲ ನೋಡು," ಎನ್ನುತ್ತಿದ್ದ.

ನಮ್ಮ ಮನೆಯಲ್ಲಿ ಬಡತನವಿರಲಿಲ್ಲ. ನನ್ನನ್ನು ಎಲ್ಲಿಗೆ ಬೇಕಾದರೂ ಕಳಿಸಿ ಓದಿಸುವ ಶಕ್ತಿ ಅಪ್ಪನಿಗಿತ್ತು. ಕಂಬಳಿಯವನ ಮಗನಿಗೆ ಸಿಕ್ಕದ್ದು ಪಟವಾರಿ ಮಗನಿಗೆ ಸಿಗಲಿಲ್ಲ ಎಂಬ ಮಾತು ಊರಲ್ಲಿ ಏಳಬಾರದು — ನನಗೆ ಬೇಕಾಗಿದ್ದದ್ದು ಅಷ್ಟೇ. ಇಷ್ಟು ಸಣ್ಣ ಕಾರಣ. ಇದನ್ನು ನೆನೆದಾಗಲೇ ನನಗೆ ಹೆಚ್ಚು ಹೇಸಿಗೆಯಾಗುವುದು.

ಶಾಲೆಗಳ ತಪಾಸಣೆಯ ಸಾಹೇಬರು ಸಿಂಧನೂರಿಗೆ ಹೋಗುವ ದಾರಿಯಲ್ಲಿ ಮಸ್ಕಿಯಲ್ಲಿ ಇಳಿದರು. ವಜೀಫಾಕ್ಕೆ ಬೀರಪ್ಪನ ಹೆಸರು ಆಗಲೇ ಆಯ್ಕೆಯಾಗಿತ್ತು. ತಂದೆಯ ಒಪ್ಪಿಗೆ ಒಂದು ಬೇಕಿತ್ತು. ಅವತ್ತು ಬೀರಪ್ಪ ಕಂಬಳಿ ಮಾರಲು ಮುದಗಲ್ಲಿಗೆ ಹೋಗಿದ್ದ. ಸಾಹೇಬರಿಗೆ ಕನ್ನಡ ಬಾರದು, ಹುಲಿಗೆಪ್ಪ ಕಾಕಾನಿಗೆ ಉರ್ದು ತಿಳಿಯದು. ಇಬ್ಬರ ನಡುವೆ ನಿಲ್ಲಲು ನನ್ನನ್ನು ಕರೆಸಿದರು.

ಸಾಹೇಬರು ಒಳ್ಳೆಯವರು. ಮಗ್ಗದ ಪಕ್ಕದ ಕಟ್ಟೆಯ ಮೇಲೆ ಕೂತು, ತಾವೂ ಬಡ ದರ್ಜಿಯ ಮಗ, ತಾವೂ ವಜೀಫಾದ ಮೇಲೆ ಓದಿದವರು ಎಂದರು. ಹುಡುಗನಿಗೆ ಅಲ್ಲಿ ಯಾರೂ ಇಲ್ಲವೆಂದು ಹೆದರಬೇಡಿ, ನನ್ನ ಮನೆ ಹಾಸ್ಟೆಲಿನ ಹತ್ತಿರವೇ ಇದೆ, ಸ್ವಂತ ಮಗನ ಹಾಗೆ ನೋಡಿಕೊಳ್ಳುತ್ತೇನೆ — ಎಂದರು.

"ಏನಂತಾರ ತಮ್ಮಾ ಸಾಹೇಬ್ರು?" ಎಂದ ಕಾಕಾ.

ನಾನು ಹೇಳಿದೆ: "ಕಾಕಾ, ಹುಡುಗನ್ನ ತಮ್ಮ ಮಗನ್ನ ಮಾಡ್ಕೋತೀನಿ ಅನ್ನಾಕತ್ತಾರ. ಅಲ್ಲಿ ಹೋದವರದ್ದು ಜಾತಿ ಕೆಡಿಸಿ, ಹೆಸರು ಬದಲು ಮಾಡ್ತಾರಂತ. ಒಮ್ಮೆ ಕೊಟ್ರ ಬೀರಪ್ಪ ಮತ್ತ ನಿನ್ನ ಮಗ ಆಗಿ ಬರಂಗಿಲ್ಲ."

ಕಾಕಾನ ಕೈಯಲ್ಲಿದ್ದ ಉಣ್ಣೆಯ ಉಂಡೆ ಕೆಳಗೆ ಬಿತ್ತು. "ಬ್ಯಾಡ," ಎಂದ. "ಕೈ ಮುಗೀತೀನಿ, ಬ್ಯಾಡ ಅಂತ ಹೇಳಪಾ."

ನಾನು ಸಾಹೇಬರತ್ತ ತಿರುಗಿ, ಇವರಿಗೆ ಮಗ್ಗಕ್ಕೆ ಆಳು ಬೇಕಂತೆ, ಓದಿದ್ದು ಸಾಕಂತೆ ಎಂದೆ. ಸಾಹೇಬರು ನಂಬಲಿಲ್ಲ. ಇನ್ನೊಮ್ಮೆ ಕೇಳು ಎಂದರು. ಕೇಳಿದ ಹಾಗೆ ನಟಿಸಿದೆ. ಕಾಕಾ ಮುಗಿದ ಕೈ ಬಿಡದೆ ಬೇಡವೆಂದು ತಲೆಯಾಡಿಸಿದ. ಸಾಹೇಬರು ನಿಟ್ಟುಸಿರು ಬಿಟ್ಟು ಎದ್ದು ಹೋದರು.

ಅಷ್ಟಕ್ಕೂ ನನಗೆ ತೃಪ್ತಿಯಾಗಲಿಲ್ಲ. ಕಾಕಾನ ಹತ್ತಿರ ಕೂತು, "ಈ ಮಾತು ಬೀರಪ್ಪಗೂ ಹೇಳಬ್ಯಾಡ. ಸಾಹೇಬ್ರ ಕಿವಿಗೆ ಬಿದ್ರ ನಿಮ್ಮ ಮನಿಗೆ ಕಷ್ಟ," ಎಂದೆ. ಆ ಬಡಪಾಯಿ ಅದನ್ನು ಸಾಯುವತನಕ ನಡೆಸಿದ.

ಬೀರಪ್ಪ ಮರಳಿ ಬಂದು ಏನಾಯಿತೆಂದು ಕೇಳಿದಾಗ, "ನಿಮ್ಮಪ್ಪ ಒಪ್ಪಲಿಲ್ಲಪಾ, ಮಗ್ಗಕ್ಕ ಆಳು ಬೇಕಂತ. ನಾ ಭಾಳ ಹೇಳಿದೆ," ಎಂದೆ. ಅಪ್ಪನನ್ನು ಕೇಳಿದರೆ "ಬ್ಯಾಡಂದ್ರ ಬ್ಯಾಡ" ಎಂಬುದೊಂದೇ ಉತ್ತರ. ತನ್ನನ್ನು ಮಗ್ಗಕ್ಕೆ ಕಟ್ಟಿಹಾಕಿದ ಅಪ್ಪನ ಮುಖ ನೋಡುವುದಿಲ್ಲವೆಂದು ಅವನು ಸಿಂಧನೂರಿಗೆ ಹೋಗಿ, ಹತ್ತಿ ಕಾರ್ಖಾನೆಯಲ್ಲಿ ಮೂಟೆ ತೂಗುವ ಕೆಲಸಕ್ಕೆ ನಿಂತ. ವಜೀಫಾ ನನಗೆ ಬಂತು.

ಹಾಸ್ಟೆಲಿನಲ್ಲಿ ಯಾರ ಹೆಸರೂ ಬದಲಾಗಲಿಲ್ಲ. ನಮ್ಮ ಕಡೆಯ ಹುಡುಗರಿಗೆ ಬೇರೆ ಅಡುಗೆಯೇ ಇತ್ತು. ಆ ಸಾಹೇಬರು ಒಮ್ಮೆ ನನ್ನನ್ನು ಮನೆಗೆ ಕರೆದು, ಆ ಹುಡುಗ ಏನು ಮಾಡುತ್ತಿದ್ದಾನೆ ಎಂದು ವಿಚಾರಿಸಿದರು. ಚೆನ್ನಾಗಿದ್ದಾನೆ ಎಂದೆ — ಅವರ ಮನೆಯ ಹಾಲು ಕುಡಿಯುತ್ತ.

ರಜೆಗೆ ಊರಿಗೆ ಹೋದಾಗ ಹುಲಿಗೆಪ್ಪ ಕಾಕಾ ತಾನು ನೇಯ್ದ ಕರಿ ಕಂಬಳಿಯೊಂದನ್ನು ನನ್ನ ತೊಡೆಯ ಮೇಲಿಟ್ಟ. "ಮಗ ನನ್ನ ಕೂಡ ಮಾತಾಡಂಗಿಲ್ಲ. ಆಡದಿದ್ರ ಇರಲಿ — ಮಗ ಆಗಿ ಉಳದಾನಲ್ಲ. ನಿನ್ನಿಂದ ಉಳದ ತಮ್ಮಾ," ಎಂದ. ನಾನು ತೆಗೆದುಕೊಂಡೆ. ಬೇಡ ಎನ್ನುವಷ್ಟು ನಾಚಿಕೆಯೂ ನನಗಿರಲಿಲ್ಲ. ಮುಂದೆ ವಕೀಲನಾದೆ, ಹೆಸರು ಮಾಡಿದೆ. ಕಾಕಾ ಸತ್ತಾಗ ಮಗ ಬಂದದ್ದು ಮಣ್ಣಿನ ಹೊತ್ತಿಗೆ; ಕಡೆಯ ಗುಟುಕು ನೀರನ್ನು ಯಾರೋ ಹಾಕಿದ್ದರು. ಅವತ್ತೂ ನಾನು ಅಲ್ಲಿದ್ದೆ. ಅವತ್ತೂ ಬಾಯಿ ಬಿಡಲಿಲ್ಲ.

ಹೋದ ತಿಂಗಳು ಸಿಂಧನೂರಿನಲ್ಲಿ ಅವನ ಮನೆಗೆ ಹೋಗಿ, ಅವನ ಎದುರು ಎಲ್ಲವನ್ನೂ ಹೇಳಿದೆ. ಹೇಳಿ ಮುಗಿದ ಮೇಲೆ ಬೀರಪ್ಪ ಗೋಡೆಯ ಕಡೆ ತಿರುಗಿದ.

"ಹಂಗಾರ ಅಪ್ಪ ನನ್ನ ಮಗ್ಗಕ್ಕಂತ ಇಟ್ಕೊಂಡಿದ್ದಿಲ್ಲ," ಎಂದ. "ಕಳಕೊಳ್ಳಬಾರದಂತ ಇಟ್ಕೊಂಡಿದ್ದ." ಅದು ನನಗೆ ಹೇಳಿದ್ದಲ್ಲ.

ಬೈದಾನು, ಹೊಡೆದಾನು ಎಂದು ಕಾದೆ. ಆಸೆಯೂ ಪಟ್ಟೆ. ಅವನು ಎದ್ದು, ನನ್ನ ಚಪ್ಪಲಿಯಿದ್ದ ಬಾಗಿಲತ್ತ ಕೈ ತೋರಿಸಿದ.

"ನೀವಿನ್ನ ಹೋಗ್ರಿ."

ಹುಟ್ಟಿದಾಗಿನಿಂದ ನನಗೆ 'ಲೇ' ಎಂದವನು. ಆ 'ರೀ' ಹೊತ್ತುಕೊಂಡು ಬಂದಿದ್ದೇನೆ. ಇಳಿಸುವ ಜಾಗ ನನಗೆ ಗೊತ್ತಿಲ್ಲ, ಕೇಳುವ ಹಕ್ಕೂ ಇಲ್ಲ.