ಅಪೆಂಡಿಕ್ಸ್ ಎಂದು ಹೇಳಿದ ಆಪರೇಷನ್

ನನ್ನ ಬಲಗಡೆಯ ಮೊಲೆ ಬೆಳೆಯಲಿಲ್ಲ. ನಾಚಿಕೆ ಬಿಟ್ಟು ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದ್ದು ಯಾವುದೂ ಹೇಳಲಿಕ್ಕೆ ಆಗುದಿಲ್ಲ. ಎಡಗಡೆಯದ್ದು ಎಲ್ಲ ಹುಡುಗಿಯರ ಹಾಗೆ ಬಂತು. ಬಲಗಡೆ ಮಾತ್ರ ಗಂಡುಮಕ್ಕಳ ಎದೆಯ ಹಾಗೆ ಚಪ್ಪಟೆ, ನಡುವೆ ಒಂದು ಸುಕ್ಕಿದ ಕಲೆ. ನಾಳೆ ಬಂದೀತು, ನಾಡಿದ್ದು ಬಂದೀತು ಅಂತ ನಾನು ಕಾದೆ, ಅಮ್ಮನೂ ಕಾದಳು. ಕಡೆಗೆ ಅವಳು ಬೂರುಗದ ಹತ್ತಿಯನ್ನು ಬಟ್ಟೆಯಲ್ಲಿ ಹೊಲಿದು ರವಿಕೆಯೊಳಗೆ ಇಟ್ಟುಕೊಳ್ಳಲಿಕ್ಕೆ ಕೊಟ್ಟಳು. ಬೆವರಿಗೆ ಅದು ಗಂಟು ಕಟ್ಟುತ್ತಿತ್ತು. ಓಡಿದರೆ ಜಾರುತ್ತಿತ್ತು. ಹಾಗಾಗಿ ನಾನು ಓಡುದನ್ನೇ ಬಿಟ್ಟೆ.

ನಮ್ಮ ಮನೆ ಕಬಕದಲ್ಲಿ, ರಸ್ತೆಯ ಬದಿಗೇ. ಅಪ್ಪ ಬಸ್ಸಿನ ಕಂಡಕ್ಟರ್. ಒಂದು ಕಾಲದಲ್ಲಿ ಪುತ್ತೂರು–ಸುಳ್ಯ, ಆಮೇಲೆ ಉಪ್ಪಿನಂಗಡಿ ಮೇಲಾಗಿ ಕಡಬಕ್ಕೆ ಹೋಗುವ ಬಸ್ಸು. ಯಾವ ಊರಿನಲ್ಲಿ ಯಾರ ದನ ಕರು ಹಾಕಿತು, ಯಾರ ಮನೆಯಲ್ಲಿ ಜಗಳ ಆಯಿತು, ಎಲ್ಲ ಅಪ್ಪನಿಗೆ ಗೊತ್ತು. ಮನೆಗೆ ಬಂದು ಕಾಲು ತೊಳೆಯುವ ಮೊದಲೇ ಸುದ್ದಿ ಶುರು. ನನ್ನ ವಿಷಯ ಒಂದು ದಿನ ಆ ಬಸ್ಸು ಹತ್ತಿದರೆ ಎಂತ ಗತಿ ಅಂತ ನನಗೆ ಆಗಲೇ ಹೆದರಿಕೆ ಇತ್ತು.

ಮೊದಲ ಸಂಬಂಧ ಸುಳ್ಯದ ಕಡೆಯಿಂದ ಬಂತು. ಹುಡುಗನ ಚಿಕ್ಕಮ್ಮ ಹೊರಡುವಾಗ ಪ್ರೀತಿ ಉಕ್ಕಿ ಬಂದವಳ ಹಾಗೆ ನನ್ನನ್ನು ತಬ್ಬಿಕೊಂಡಳು. ಪ್ರೀತಿಯೂ ಇಲ್ಲ, ಮಣ್ಣೂ ಇಲ್ಲ, ಪರೀಕ್ಷೆ ಅದು. ಅವಳ ಕೈ ಬಲಗಡೆ ಒಂದು ಗಳಿಗೆ ನಿಂತಿತು. ವಾರ ಕಳೆದ ಮೇಲೆ ಜಾತಕ ಕೂಡುದಿಲ್ಲ ಅಂತ ಹೇಳಿ ಕಳಿಸಿದರು. "ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು" ಅಂತ ಅಮ್ಮ ಒಲೆಯ ಮುಂದೆ ಕೂತು ಅತ್ತಳು. ಅವಳು ಅಳುದು ನೋಡಿ ನನಗೆ ಸಿಟ್ಟು ಬಂತು. ಅಳಬೇಕಾದವಳು ನಾನಲ್ಲವಾ?

ಮಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಸುಟ್ಟ ಮುಖ, ಸೀಳಿದ ತುಟಿ ಸರಿ ಮಾಡುವ ಡಾಕ್ಟರು ಇದ್ದಾರೆ, ಒಂದು ಕಡೆಯ ಮಾಂಸ ತೆಗೆದು ಇನ್ನೊಂದು ಕಡೆ ಕೂರಿಸುತ್ತಾರೆ ಅಂತ ಅಪ್ಪನಿಗೆ ಬಸ್ಸಿನಲ್ಲಿ ಯಾರೋ ಹೇಳಿದರು. ಅಪ್ಪ ಅಮ್ಮ ಅಡಿಗೆಮನೆಯಲ್ಲಿ ಪಿಸಿಪಿಸಿ ಮಾತಾಡಿದರು. ಮರುದಿನ ಅಮ್ಮ, "ಒಳ್ಳೆ ಸೀರೆ ಉಡು, ಮಂಗಳೂರಿಗೆ ಹೋಗುದು" ಅಂದಳು. ಎಂತಕ್ಕೆ ಅಂತ ಹೇಳಲಿಲ್ಲ. ನಾನು ಪೆದ್ದಿ, ಸಮುದ್ರ ತೋರಿಸಲಿಕ್ಕೆ ಅಂತ ತಿಳಿದು ಜಡೆಗೆ ಅಬ್ಬಲಿಗೆ ಮುಡಿದು ಹೊರಟೆ. ಆ ಹೂ ಮುಡಿದುಕೊಂಡೇ ಡಾಕ್ಟರರ ಎದುರು ರವಿಕೆ ಬಿಚ್ಚಿ ಕೂರಬೇಕಾಯಿತು. ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು.

ಡಾಕ್ಟರು ಕಲೆಯನ್ನು ಬೆರಳಲ್ಲಿ ಒತ್ತಿ ನೋಡಿ ಅಮ್ಮನನ್ನು ಕೇಳಿದರು, "ಹುಟ್ಟಿದಾಗ ಹಿಂಡಿದ್ದಾರಾ?"

"ಹಿಂಡದೆ ಹೇಗೆ? ಹಾಲು ಕಟ್ಟುದಿಲ್ವಾ?" ಅಂದಳು ಅಮ್ಮ.

ನಮ್ಮ ಕಡೆ ಹಾಗೆ. ಹುಟ್ಟಿದ ಮಗುವಿನ ಎದೆಯಲ್ಲಿ ನಾಲ್ಕು ದಿನಕ್ಕೆ ಒಂಚೂರು ಬಾವು ಬಂದು ಹಾಲಿನ ಹನಿ ಕಾಣುತ್ತದೆ. ಎಣ್ಣೆ ಹಚ್ಚಿ ಮೀಯಿಸುವ ಹೆಂಗಸು ಅದನ್ನು ಹಿಂಡಿ ತೆಗೆಯುತ್ತಾಳೆ, ತೆಗೆಯದಿದ್ದರೆ ಕೆಟ್ಟದು ಅಂತ ನಂಬಿಕೆ. ನನ್ನದು ಹಿಂಡಿ ಹಿಂಡಿ ಕೀವು ಆಗಿ, ಕ್ಷೌರದ ಕತ್ತಿಯಲ್ಲಿ ಕೊಯ್ದು ಬಿಟ್ಟಿದ್ದರಂತೆ. ಅದು ನನಗೆ ಗೊತ್ತಾದದ್ದೇ ಆ ಕುರ್ಚಿಯಲ್ಲಿ. ಅಷ್ಟು ವರ್ಷ ನಾಗನ ದೋಷ ಅಂತ ಹಾಲೆರೆಸಿದ್ದೇ ಎರೆಸಿದ್ದು!

"ನೀವು ಹಿಂಡಿದ್ದು ಹಾಲನ್ನಲ್ಲ ಮಾರಾಯ್ರೆ, ಮೊಲೆಯ ಮೊಳಕೆಯನ್ನೇ" ಅಂತ ಡಾಕ್ಟರು ಗದರಿಸಿದರು. ಆಮೇಲೆ ಅಪ್ಪನ ಕಡೆ ತಿರುಗಿ ವಿವರ ಹೇಳಿದರು. ಕೆಳಹೊಟ್ಟೆಯಿಂದ ಒಂದು ತುಂಡು ಕೊಬ್ಬು ತೆಗೆದು ಎದೆಯ ಚರ್ಮದ ಅಡಿಯಲ್ಲಿ ಇಡುದು. ಎರಡು ಕಡೆ ಗಾಯ ಆಗುತ್ತದೆ. ತಿಂಗಳುಗಟ್ಟಲೆ ಕೈ ಎತ್ತಬಾರದು, ಭಾರ ಹೊರಬಾರದು. ಇಟ್ಟದ್ದೆಲ್ಲ ಉಳಿಯುದಿಲ್ಲ, ಸ್ವಲ್ಪ ಕರಗಿ ಹೋಗುತ್ತದೆ, ಕೆಲವೊಮ್ಮೆ ಗಟ್ಟಿಯಾಗುತ್ತದೆ. ಆ ಕಡೆ ಹಾಲು ಬರಲಿಕ್ಕಿಲ್ಲ. ಅಪ್ಪ ಟಿಕೇಟು ಹರಿದು ಕೊಡುವಾಗ ಮಾಡುವ ಹಾಗೆ ಒಂದೊಂದಕ್ಕೂ ತಲೆ ಆಡಿಸಿದರು. ಡಾಕ್ಟರು ಒಳ್ಳೆಯವರೇ. ಆದರೆ ನನ್ನ ಮುಖ ಅಲ್ಲಿ ಯಾರೂ ನೋಡಲಿಲ್ಲ. ನಾನು ಒಂದೇ ಮಾತು ಕೇಳಿದೆ, "ನಾನು ಸಾಯ್ತೇನಾ?" ಡಾಕ್ಟರು ನಕ್ಕರು. ಅವರು ನಕ್ಕದ್ದು ನೋಡಿ ನನಗೆ ಹೆದರಿಕೆ ಹೆಚ್ಚಾಯಿತು.

ವಾರ್ಡಿನಲ್ಲಿ ಪಕ್ಕದ ಮಂಚದ ಅಜ್ಜಿಗೆ ಕಾಲಿನ ಆಪರೇಷನ್ ಆಗಿತ್ತು. ಹೆದರಿದವರ ಮೇಲೆ ಹಾವು ಎಸೆದ ಹಾಗೆ ಅವರು ಹೇಳಿದ್ದೇ ಹೇಳಿದ್ದು. "ಮೂಗಿಗೆ ಮದ್ದು ಹಿಡಿದು ಒಂದು ಎರಡು ಹೇಳು ಅಂತಾರೆ. ಎಲ್ಲಿ ನಿಲ್ಲಿಸ್ತಿಯೋ ಅಲ್ಲಿಗೆ ಮುಗೀತು ನೋಡು. ಎಲ್ಲಾರೂ ವಾಪಾಸು ಬರುದಿಲ್ಲ." ನಾನು ಎಣಿಸುದು ನಿಲ್ಲಿಸುದಿಲ್ಲ ಅಂತ ಹಟ ಹಿಡಿದೆ. ಮರುದಿನ ಬೆಳಿಗ್ಗೆ ಮೇಜಿನ ಮೇಲೆ ಮಲಗಿಸಿ ಮುಖಕ್ಕೆ ಬಟ್ಟೆ ಸುತ್ತಿದ ಜಾಳಿಗೆ ಇಟ್ಟು ಮತಿ ತಪ್ಪಿಸುವ ಮದ್ದು ಹನಿಸಿದರು. ಆ ಈಥರಿನ ಸಿಹಿ ಕಮಟು ವಾಸನೆ ಗಂಟಲಿಗೆ ಇಳಿಯುವಾಗ ಜೀವ ಬಾಯಿಗೆ ಬಂತು. ಕೈಕಾಲು ಯಾರೋ ಹಿಡಿದಿದ್ದರು. ನಾನು ಕಿರಿಚಿ ಕಿರಿಚಿ ಎಣಿಸಿದೆ. ಎಲ್ಲಿಗೆ ನಿಂತೆ ಅಂತ ನನಗೆ ಗೊತ್ತಿಲ್ಲ.

ಎಚ್ಚರ ಆದಾಗ ಮೊದಲು ವಾಂತಿ. ವಾಂತಿ ಮಾಡುವಾಗ ಹೊಟ್ಟೆಯ ಹೊಲಿಗೆ ಎಳೆದ ನೋವು ಇದೆಯಲ್ಲ, ಶತ್ರುವಿಗೂ ಬೇಡ. ಎದೆಯ ಮೇಲೆ ಯಾರೋ ಅರೆಯುವ ಕಲ್ಲು ಇಟ್ಟ ಹಾಗೆ ಬಿಗಿ ಬ್ಯಾಂಡೇಜು. ಕಂಕುಳ ಹತ್ತಿರ ರಬ್ಬರಿನ ನಳಿಗೆ, ಅದರಲ್ಲಿ ರಕ್ತದ ನೀರು. ಮೊಣಕಾಲು ಮಡಚಿ ಅಂಗಾತ ಮಲಗಬೇಕು, ಮಗ್ಗುಲು ಹೊರಳುವ ಹಾಗಿಲ್ಲ. ಕೆಮ್ಮು ಬಂದರೆ ಭಯ, ಸೀನು ಬಂದರೆ ಇನ್ನೂ ಭಯ. ದಿನಾ ಪೆನಿಸಿಲಿನ್ ಚುಚ್ಚಿ ಚುಚ್ಚಿ ಸೊಂಟದಲ್ಲಿ ಜಾಗ ಉಳಿಯಲಿಲ್ಲ.

ನೋವಾದರೂ ತಡೆಯಬಹುದಿತ್ತು. ನನಗೆ ಹೆಚ್ಚು ಹೆದರಿಕೆ ಒಳಗೆ ಇಟ್ಟದ್ದರ ಬಗ್ಗೆ. ಹೊಟ್ಟೆಯದ್ದು ಎದೆಯಲ್ಲಿ ಕೂತು ಎಂತ ಮಾಡುತ್ತದೆ? ಕೊಳೆತರೆ? ಒಂದು ಬೆಳಿಗ್ಗೆ ನರ್ಸ್ ಬ್ಯಾಂಡೇಜು ಬಿಚ್ಚುವಾಗ ಹತ್ತಿಯಲ್ಲಿ ಹಳದಿ ಎಣ್ಣೆ ಕಂಡಿತು. ಅಯ್ಯೋ ದೇವರೇ, ಕೊಳೆಯಿತು ಅಂತ ನಾನು ವಾರ್ಡು ಹಾರಿಹೋಗುವ ಹಾಗೆ ಕೂಗಿದೆ. ಅವರು ಶಾಂತವಾಗಿ, "ಕೊಬ್ಬು ಕರಗುದು ಹಾಗೇ. ಕೆಟ್ಟ ವಾಸನೆ ಉಂಟಾ ನೋಡು, ಇಲ್ಲ ಅಲ್ವಾ?" ಅಂದರು. ಮುಂದೆ ಅದು ಕರಗಿ ಅರ್ಧವೇ ಆಯಿತು, ಉಳಿದದ್ದು ಕಾಯಿ ಪೇರಳೆಯಷ್ಟು ಗಟ್ಟಿ. ರವಿಕೆಯೊಳಗೆ ಮಾತ್ರ ಹತ್ತಿ ಬೇಡವಾಯಿತು.

ಮನೆಗೆ ಬಂದ ಮೇಲೆ ಊರಿಗೆ ಎಂತ ಹೇಳುದು? ಹೊಟ್ಟೆಯಲ್ಲಿ ಗಾಯ ಉಂಟಲ್ಲ, ಅಪೆಂಡಿಕ್ಸ್ ಅಂದರಾಯಿತು ಅಂತ ಅಮ್ಮ ತೀರ್ಮಾನ ಮಾಡಿದಳು. "ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡಬೇಕಂತೆ, ನಾನು ಒಂದೇ ಹೇಳುದು" ಅಂತ ಅವಳಿಗೆ ಸಮಾಧಾನ. ನೆರೆಕರೆಯ ಹೆಂಗಸರು ನೋಡಲಿಕ್ಕೆ ಬಂದರು. ಬಂದವರು ಗಾಯ ನೋಡದೆ ಹೋಗುದುಂಟಾ! ಅಮ್ಮ ಧಾರಾಳವಾಗಿ ನನ್ನ ಸೀರೆಯ ನೆರಿಗೆ ಇಳಿಸಿ ತೋರಿಸುತ್ತಿದ್ದಳು. ಒಂದು ಸೊಂಟದಿಂದ ಇನ್ನೊಂದು ಸೊಂಟದವರೆಗೆ ಉದ್ದ ಗೆರೆ. ಎದೆಗೆ ಮಾತ್ರ ದಪ್ಪ ಶಾಲು. ಕೈ ಎತ್ತಲಿಕ್ಕಾಗದ್ದಕ್ಕೆ ಅಮ್ಮನೇ ತಲೆ ಬಾಚುತ್ತಿದ್ದಳು, ಅದಕ್ಕೂ "ಇಂಜೆಕ್ಷನಿನ ನೋವು" ಅಂತ ಒಂದು ಉತ್ತರ. ಒಂದೇ ಸುಳ್ಳು ಅಂದವಳು!

ಎದುರು ಮನೆಯ ಹೆಂಗಸು ಮಾತ್ರ ಗಾಯವನ್ನು ಬಗ್ಗಿ ನೋಡಿ, "ಅಪೆಂಡಿಕ್ಸಿಗೆ ಬಲಗಡೆ ಇಷ್ಟೇ ಇಷ್ಟು ಕೊಯ್ಯುದಲ್ವಾ?" ಅಂತ ಬೆರಳು ತೋರಿಸಿದಳು.

"ದೊಡ್ಡ ಆಸ್ಪತ್ರೆ, ದೊಡ್ಡ ಕೊಯ್ತ" ಅಂದಳು ಅಮ್ಮ.

ಅವಳ ಅಕ್ಕನ ಗರ್ಭಕೋಶ ತೆಗೆಸಿದಾಗ ಇಂಥದ್ದೇ ಗೆರೆ ಅವಳು ನೋಡಿದ್ದಾಳೆ ಅಂತ ನಮಗೆ ಮರೆತು ಹೋದದ್ದು ನಮ್ಮ ಗ್ರಹಚಾರ.

ನಾನು ಚೇತರಿಸಿಕೊಂಡ ಮೇಲೆ ಅಪ್ಪನ ಬಸ್ಸಿನ ದಾರಿಯಲ್ಲೇ ಇರುವ ಪೆರಾಬೆಯಿಂದ ಸಂಬಂಧ ಬಂತು. ಬೇಸಾಯದ ಮನೆ, ತಂದೆ ಇಲ್ಲ, ತಾಯಿ ಯಜಮಾನಿಕೆ. ನನ್ನನ್ನು ನೋಡಲು ಬಂದ ಹುಡುಗ ನೋಡಿದ್ದು ಹೆಚ್ಚು ಗೋಡೆಯನ್ನೇ. ನಡುವೆ ಒಮ್ಮೆ, "ಕಂಡಕ್ಟರರ ಮಗಳಿಗೆ ಬಸ್ಸಲ್ಲಿ ವಾಂತಿ ಬರ್ತದಾ?" ಅಂತ ಕೇಳಿದರು. "ಬರ್ತದೆ" ಅಂದೆ. "ನನಗೂ" ಅಂದರು. ಅಷ್ಟೇ ಮಾರಾಯ್ರೆ, ನನಗೆ ಅವರು ಹಿಡಿಸಿಬಿಟ್ಟರು. ಎರಡೂ ಕಡೆ ಮಾತು ಕೊಟ್ಟಾಯಿತು.

ಊರ ಬಾಯಿಗೆ ಬೀಗ ಉಂಟಾ? ಒಂದು ದಿನ ಅಪ್ಪ ಬಸ್ಸಿನಲ್ಲಿ ಟಿಕೇಟು ಕೊಡುತ್ತಿರುವಾಗ ಇಬ್ಬರು ಹೆಂಗಸರು ಮಾತಾಡುತ್ತಿದ್ದರಂತೆ. ಕಬಕದ ಒಂದು ಹುಡುಗಿಯ ಗರ್ಭಕೋಶ ತೆಗೆದಿದ್ದಾರೆ, ಅಪೆಂಡಿಕ್ಸ್ ಅಂತ ಸುಳ್ಳು ಹೇಳಿ ಪೆರಾಬೆಯವರ ತಲೆಗೆ ಕಟ್ಟುತ್ತಿದ್ದಾರೆ, ಪಾಪ ಅಂತ. ಅಪ್ಪ ಅವರಿಗೆ ಟಿಕೇಟು ಕೊಟ್ಟು ಚಿಲ್ಲರೆ ಕೊಟ್ಟು ಬಂದರು. ಮನೆಗೆ ಬಂದವರು ಕಾಲು ತೊಳೆಯಲಿಲ್ಲ, ಸುದ್ದಿ ಹೇಳಲಿಲ್ಲ, ಜಗಲಿಯಲ್ಲಿ ಕೂತೇ ಇದ್ದರು. ಆ ವಾರವೇ ಪೆರಾಬೆಯಿಂದ ಹೇಳಿ ಕಳಿಸಿದರು, ಮಕ್ಕಳಾಗದ ಹುಡುಗಿ ನಮಗೆ ಬೇಡ.

"ನಿಜ ಹೇಳುವ" ಅಂದರು ಅಪ್ಪ.

"ನಿಜ ಹೇಳಿದರೆ ಮಾತ್ರ ಒಪ್ಪುತ್ತಾರಾ? ಸುಳ್ಯದವರು ಒಪ್ಪಿದರಾ?" ಅಂತ ಅಮ್ಮ ಕೂಗಿದಳು. "ಆಮೇಲೆ ಎರಡೂ ಸುದ್ದಿ ಒಟ್ಟಿಗೇ ಬಸ್ಸು ಹತ್ತುತ್ತದೆ, ಇವಳು ಮನೆಯಲ್ಲೇ ಮುದುಕಿ ಆಗುದು."

ಅವಳು ಹೇಳಿದ್ದು ಸರಿಯೇ. ಅದು ಗೊತ್ತಿದ್ದೇ ನಾನು ಅಂದೆ, "ಅಪ್ಪ, ನಾಳೆ ನಾನೂ ಬಸ್ಸಿಗೆ ಬರ್ತೇನೆ." ಧೈರ್ಯ ಅಂತ ತಿಳಿಯಬೇಡಿ. ಹೊಟ್ಟೆಯೊಳಗೆ ಇದ್ದದ್ದನ್ನೂ ಇಲ್ಲ ಅಂತ ಊರು ಹೇಳುವಾಗ ಬಂದ ಸಿಟ್ಟು ಅದು. ಬಸ್ಸು ಉಪ್ಪಿನಂಗಡಿ ದಾಟುವಾಗ ಸಿಟ್ಟು ಇಳಿದು ಹೋಯಿತು. ಕೊಯಿಲದ ಹತ್ತಿರ ವಾಂತಿಯೂ ಆಯಿತು.

ಪೆರಾಬೆಯ ಅಂಗಳದಲ್ಲಿ ಹುಡುಗನ ತಾಯಿ ದೊಡ್ಡ ಹಂಡೆಯಲ್ಲಿ ಭತ್ತ ಬೇಯಿಸುತ್ತಿದ್ದರು. ಅಪ್ಪ ಅಂಗಳದ ಮೂಲೆಯಲ್ಲಿ ನಿಂತರು. ನಾನು ಹತ್ತಿರ ಹೋಗಿ, "ನಿಮಗೆ ಒಂದು ತೋರಿಸಲಿಕ್ಕುಂಟು" ಅಂದೆ. ಅವರು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ ಒಳಗೆ ಕರೆದರು. ಕತ್ತಲೆ ಕೋಣೆಯಲ್ಲಿ ನಾನು ರವಿಕೆ ಬಿಚ್ಚಿದೆ, ಹೊಟ್ಟೆ ತೋರಿಸಿದೆ, ಎಲ್ಲ ಹೇಳಿದೆ. ಅವರು ಚಿಮಿಣಿ ದೀಪ ಹತ್ತಿರ ಹಿಡಿದು ನೋಡಿದರು.

"ಮಕ್ಕಳ ಚೀಲ ಉಂಟಾ?"

"ಉಂಟು. ತಿಂಗಳು ತಿಂಗಳು ಹೊರಗೆ ಕೂರ್ತೇನೆ."

"ಹಾಗಾದರೆ ಎಂತ ತೊಂದರೆ ಇಲ್ಲ. ಮೂರು ಮೊಲೆಯಲ್ಲಿ ಹಾಲು ಕೊಡುವ ದನ ನಮ್ಮ ಹಟ್ಟಿಯಲ್ಲೂ ಉಂಟು. ಮಾರಲಿಲ್ಲ ನಾವು."

ಒಪ್ಪಿಗೆ ಅದು. ನಾನು ಕಾಲಿಗೆ ಬೀಳಬೇಕಿತ್ತು. "ನಾನು ದನ ಅಲ್ಲ" ಅಂತ ಬಾಯಿಂದ ಬಂದುಬಿಟ್ಟಿತು. ಬಂದ ಮೇಲೆ ಹೆದರಿ ಗೋಡೆಗೆ ಒರಗಿದೆ. ಕೆಡಿಸಿದೆ, ಎಲ್ಲ ನಾನೇ ಕೆಡಿಸಿದೆ.

ಅವರು ದೀಪ ಕೆಳಗಿಟ್ಟರು. "ಬಾಯಿ ಉಂಟು ನಿನಗೆ. ಹಾಗಾದರೆ ಅವನಿಗೂ ನೀನೇ ಹೇಳು" ಅಂತ ಹೇಳಿ ಹೊರಗೆ ಹೋಗಿ ಮಗನನ್ನು ಕರೆದರು.

ಹುಡುಗ ಬಂದು ಬಾಗಿಲಲ್ಲಿ ನಿಂತರು, ಮೊಣಕೈವರೆಗೆ ಭತ್ತದ ಹೊಟ್ಟು. ನಾನು ಸೆರಗು ಬಿಗಿ ಹಿಡಿದು ನೆಲ ನೋಡಿಕೊಂಡು ಎರಡನೇ ಸಲ ಹೇಳಿದೆ. ಈಥರಿನ ಮೇಜಿನ ಮೇಲೆ ಕೂಡ ಎದೆ ಅಷ್ಟು ಹೊಡೆದುಕೊಂಡಿರಲಿಲ್ಲ. ಅವರು ಕೈಯ ಹೊಟ್ಟು ಕೊಡವಿಕೊಂಡು ಕೇಳಿದರು:

"ನಿನ್ನನ್ನು ಕೇಳಿ ಕೊಯ್ದದ್ದಾ?"

"ಇಲ್ಲ" ಅಂದೆ.

"ಈ ಸಂಬಂಧ ಬೇಡ ಅಂತ ಹೇಳಿ ಕಳಿಸುವಾಗ ನನ್ನನ್ನೂ ಯಾರೂ ಕೇಳಲಿಲ್ಲ" ಅಂತ ಅವರು ಅಂಗಳದಲ್ಲಿದ್ದ ತಾಯಿಯ ಕಡೆ ಒಮ್ಮೆ ಕಣ್ಣು ಬಿಟ್ಟು ನೋಡಿದರು. ಆಮೇಲೆ ಸ್ವರ ತಗ್ಗಿಸಿ, "ಮದುವೆಗಾದರೂ ನಿನ್ನನ್ನು ಕೇಳಿದ್ದಾರಾ? ನಿನಗೆ ಬೇಕಾ?" ಅಂದರು.

ನನಗೆ ಅಂಥ ಪ್ರಶ್ನೆಗೆ ಉತ್ತರ ಕೊಟ್ಟು ಅಭ್ಯಾಸ ಇರಲಿಲ್ಲ. ಬೇಡ ಅಂದರೂ ನನ್ನದೇ ಮಾತು, ಬೇಕು ಅಂದರೂ ನನ್ನದೇ, ನಾಳೆ ಯಾರನ್ನೂ ಬೈಯಲಿಕ್ಕೆ ಆಗುದಿಲ್ಲ.

"ಬೇಕು" ಅಂದೆ. ಎಷ್ಟು ಜೋರಾಗಿ ಅಂದೆನೋ, ಅಂಗಳದ ಮೂಲೆಯಲ್ಲಿದ್ದ ಅಪ್ಪ ತಿರುಗಿ ನೋಡಿದರು.